ಕಿಸೆಯೊಳಗಿನ ಕ್ಯಾಮೆರಾ, ನಿಪ್ಪಾಣಿಯ ನಾಲ್ಕು ತಿಂಗಳು

(ಮೊಬೈಲ್ ಫೋನಿನಲ್ಲಿ ಕಿರುಚಿತ್ರ ತೆಗೆಯುವ ಬಗೆ ಕುರಿತು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಯುವಜನರಿಗಾಗಿ ಸಿದ್ಧಪಡಿಸಿದ ಭಾಷಣದ ಪೂರ್ಣ ಪಾಠ)



1982ರಲ್ಲಿ ನಿಪ್ಪಾಣಿಗೆ ಒಂದು ಚಿತ್ರತಂಡ ಬಂದಿತ್ತು. ನಿಪ್ಪಾಣಿ ಆಗ ಚಿಕ್ಕೋಡಿ ತಾಲ್ಲೂಕಿಗೆ ಸೇರಿದ ಊರು. ಬಂದವರ ಜೊತೆ ಹೆಸರಾಂತ ನಟರಿರಲಿಲ್ಲ, ಹಾಡು ಕುಣಿತಗಳ ಏರ್ಪಾಡೂ ಇರಲಿಲ್ಲ. ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ 1980ರಲ್ಲಿ ಕಟ್ಟಿಕೊಂಡಿದ್ದ ‘ಯುಗಾಂತರ’ ಎಂಬ ಪುಟ್ಟ ತಂಡ ಅದು. ತಂಬಾಕಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು ಸಂಘ ಕಟ್ಟಿ ಕೂಲಿಗಾಗಿ ಎದ್ದು ನಿಂತಿದ್ದಾರೆ ಎಂಬ ಸುದ್ದಿಯ ಬೆನ್ನು ಹತ್ತಿ ಅವರು ಬಂದಿದ್ದರು.

ಬಂದವರು ಒಡನೆಯೇ ಚಿತ್ರೀಕರಣಕ್ಕೆ ತೊಡಗಲಿಲ್ಲ. ನಾಲ್ಕು ತಿಂಗಳ ಕಾಲ ಆ ಹೆಣ್ಣುಮಕ್ಕಳ ಜೊತೆಗಿದ್ದರು. ಕಾರ್ಖಾನೆಯ ಧೂಳು, ಕೂಲಿಯ ಲೆಕ್ಕ, ಮಾಲೀಕರ ಬೈಗುಳ, ಸಂಘ ಕಟ್ಟಿದ ದಿನದ ಹೆದರಿಕೆ ಎಲ್ಲವನ್ನೂ ಕೇಳಿಸಿಕೊಂಡರು. ಮುಷ್ಕರಕ್ಕೆ ಹೇಗೆ ತಯಾರಾದೆವು ಎಂಬುದನ್ನು ಆ ಹೆಣ್ಣುಮಕ್ಕಳೇ ಕ್ಯಾಮೆರಾ ಎದುರು ಮತ್ತೊಮ್ಮೆ ಆಡಿ ತೋರಿಸಿದರು. ಚಿತ್ರದ ಹಿನ್ನೆಲೆಯ ಮಾತುಗಳು ಕೂಡ ಅವರ ಜೊತೆ ಕುಳಿತು ರೂಪಿಸಿದವು. ಹೀಗೆ ಹುಟ್ಟಿದ್ದು ‘ತಂಬಾಕು ಚಾಕಿಲಾ ಊಬ ಆಲಿ’ ಎಂಬ ಮರಾಠಿ ಸಾಕ್ಷ್ಯಚಿತ್ರ. ಕಪ್ಪುಬಿಳುಪು, 16 ಎಂ.ಎಂ. ಫಿಲ್ಮು, ಸುಮಾರು 25 ನಿಮಿಷ. ಇಂದಿನ ಲೆಕ್ಕದಲ್ಲಿ ಅದೊಂದು ಕಿರುಚಿತ್ರವೇ.

ಮೊಬೈಲ್ ಸಿನಿಮಾದ ಮಾತಿಗೆ ಈ ಹಳೆಯ ಚಿತ್ರ ಏಕೆ ಎಂದು ಯಾರಾದರೂ ಕೇಳಬಹುದು. ಕಾರಣ ಇಷ್ಟೇ. ಅಂದು ಆ ಹೆಣ್ಣುಮಕ್ಕಳ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಫಿಲ್ಮಿನ ಸುರುಳಿ ಕೊಳ್ಳಬೇಕು, ಲ್ಯಾಬಿಗೆ ಕಳಿಸಬೇಕು, ಸಂಕಲನದ ಯಂತ್ರ ಹುಡುಕಬೇಕು. ಅದಕ್ಕಾಗಿಯೇ ಹೊರಗಿನವರು ಬರಬೇಕಾಯಿತು. ಇಂದು ಅದೇ ಓಣಿಯ ಮೊಮ್ಮಗಳ ಕಿಸೆಯಲ್ಲಿ ಕ್ಯಾಮೆರಾ, ಲ್ಯಾಬು, ಸಂಕಲನದ ಕೋಣೆ ಮೂರೂ ಇವೆ. ಯಂತ್ರ ಸಿಕ್ಕಿದೆ. ಆದರೆ ಆ ನಾಲ್ಕು ತಿಂಗಳನ್ನು ಯಾವ ಕಂಪನಿಯೂ ಫೋನಿನ ಜೊತೆ ಕೊಡುವುದಿಲ್ಲ. ಅದನ್ನು ಚಿತ್ರ ತೆಗೆಯುವವರೇ ತರಬೇಕು. ಮುಂದೆ ಹೇಳುವ ಕುಶಲತೆಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

ಸಾಧನವಿಲ್ಲ ಎಂಬ ಕೊರಗು

‘ಒಳ್ಳೆಯ ಕ್ಯಾಮೆರಾ ಇದ್ದಿದ್ದರೆ’ ಎಂಬ ಕೊರಗು ಹೊಸದಲ್ಲ. ನಿಪ್ಪಾಣಿಯಿಂದ ಸುಮಾರು 40 ಕಿಲೋಮೀಟರ್ ದೂರದ ಕೊಲ್ಹಾಪುರದಲ್ಲಿ ಬಾಬೂರಾವ್ ಪೇಂಟರ್ ಎಂಬ ಕಲಾವಿದರಿದ್ದರು. ನಾಟಕದ ಪರದೆ ಬರೆಯುವುದು ಅವರ ಕಸುಬು. ವಿದೇಶಿ ಕ್ಯಾಮೆರಾ ಕೈಗೆಟುಕದೆ ಇದ್ದಾಗ, ಸೋದರ ಸಂಬಂಧಿ ಆನಂದರಾವ್ ಆರಂಭಿಸಿ ಅರ್ಧಕ್ಕೆ ಬಿಟ್ಟು ತೀರಿಕೊಂಡಿದ್ದ ಕೆಲಸವನ್ನು ಮುಂದುವರಿಸಿ, 1918ರ ಹೊತ್ತಿಗೆ ತಮ್ಮದೇ ಕ್ಯಾಮೆರಾ ತಯಾರಿಸಿಕೊಂಡರು. 1920ರಲ್ಲಿ ‘ಸೈರಂಧ್ರಿ’ ತೆಗೆದರು. 1925ರ ‘ಸಾವಕಾರಿ ಪಾಶ’ದಲ್ಲಿ ಸಾಲಗಾರನ ಕೈಗೆ ಸಿಕ್ಕಿ ಹೊಲ ಕಳೆದುಕೊಳ್ಳುವ ರೈತನ ಕಥೆ ಹೇಳಿದರು. ದೇವರ ಕಥೆಗಳೇ ತುಂಬಿದ್ದ ಆ ಕಾಲದಲ್ಲಿ ರೈತನನ್ನು ತೆರೆಗೆ ತಂದದ್ದು ಸಣ್ಣ ಸಾಹಸವಲ್ಲ. ಆ ರೈತನ ಪಾತ್ರ ಮಾಡಿದವರು ಮುಂದೆ ದೊಡ್ಡ ನಿರ್ದೇಶಕರಾದ ವಿ. ಶಾಂತಾರಾಂ.

ಬಾಬೂರಾವ್ ಅವರಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ಚಿತ್ರೀಕರಣಕ್ಕೆ ಮೊದಲೇ ದೃಶ್ಯಗಳನ್ನು ಕಾಗದದ ಮೇಲೆ ಗೀಚಿಕೊಳ್ಳುವ ಅಭ್ಯಾಸ ಅವರಿಗಿತ್ತು. ಚಿತ್ರಕಲೆ ಬಾರದವರು ಕಡ್ಡಿಗೊಂಬೆ ಬರೆದರೂ ಸಾಕು. ಎಂಟು ಚೌಕ, ಎಂಟು ಶಾಟ್. ಯಾರು ಎಲ್ಲಿ ನಿಂತಿದ್ದಾರೆ, ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಗುರುತು ಹಾಕಿಕೊಂಡರೆ ಸ್ಥಳದಲ್ಲಿ ಗೊಂದಲವಿರುವುದಿಲ್ಲ, ಫೋನಿನ ಬ್ಯಾಟರಿಯೂ ಉಳಿಯುತ್ತದೆ.

ಶಾಂತಾರಾಂ ಮತ್ತು ಸಂಗಡಿಗರು 1929ರಲ್ಲಿ ಕೊಲ್ಹಾಪುರದಲ್ಲೇ ಪ್ರಭಾತ್ ಕಂಪನಿ ಕಟ್ಟಿದರು. 1933ರಲ್ಲಿ ಅದು ಪುಣೆಗೆ ಹೋಯಿತು. ಆ ಸ್ಟುಡಿಯೋ ಇದ್ದ ಜಾಗದಲ್ಲೇ 1960ರಲ್ಲಿ ಸರ್ಕಾರದ ಚಲನಚಿತ್ರ ಶಿಕ್ಷಣ ಸಂಸ್ಥೆ ಆರಂಭವಾಯಿತು. ಅಲ್ಲಿ ಕಲಿತ ಮೈಸೂರಿನ ವೈದ್ಯ ಚಿದಾನಂದ ನಾಯಕ್ ತೆಗೆದ ಹದಿನಾರು ನಿಮಿಷಗಳ ಕನ್ನಡ ಚಿತ್ರ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಮುದುಕಿಯೊಬ್ಬಳು ಊರಿನ ಹುಂಜವನ್ನು ಒಯ್ದದ್ದರಿಂದ ಬೆಳಗೇ ಆಗದೆ ಹೋಗುವ ಕಥೆ ಅದು. ಅದನ್ನು ತೆಗೆದದ್ದು ಮೊಬೈಲಿನಲ್ಲಿ ಅಲ್ಲ. ಆದರೂ ಅಜ್ಜಿ ಹೇಳುವ ಕಥೆಯಷ್ಟು ಸಣ್ಣ ಬಂಡವಾಳ ಜಗತ್ತಿನ ತೆರೆಗೆ ಸಾಲುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಈ ಸೀಮೆಯಲ್ಲಂತೂ ಕೆಲವೇ ಪಾತ್ರಗಳು, ಕೆಲವೇ ಸಾಮಾನುಗಳಲ್ಲಿ ರಾತ್ರಿಯಿಡೀ ಜನರನ್ನು ಕೂರಿಸುವ ಸಣ್ಣಾಟದ ಪರಂಪರೆಯೇ ಇದೆ. ಸಣ್ಣಾಟ ಬಲ್ಲವರಿಗೆ ಕಿರುಚಿತ್ರ ಹೊಸದಾಗಬೇಕಿಲ್ಲ.

ರೀಲು ಕಲಿಸಿದ ಪಾಠ

‘ರೀಲು’ ಎಂಬ ಮಾತು ಈಗ ಬೇರೆ ಅರ್ಥ ಪಡೆದಿದೆ. ಹಳೆಯ ರೀಲು ಎಂದರೆ ಫಿಲ್ಮಿನ ಸುರುಳಿ. 16 ಎಂ.ಎಂ. ಫಿಲ್ಮಿನ 100 ಅಡಿ ಸುರುಳಿ ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ ಓಡಿದರೆ ಸುಮಾರು ಎರಡು ಮುಕ್ಕಾಲು ನಿಮಿಷದಲ್ಲಿ ಮುಗಿಯುತ್ತದೆ. ಮುಗಿದರೆ ಮತ್ತೆ ಹಣ. ಆದ್ದರಿಂದ ಗುಂಡಿ ಒತ್ತುವ ಮುನ್ನ ಯೋಚನೆ ಅನಿವಾರ್ಯವಾಗಿತ್ತು. ಫೋನಿನಲ್ಲಿ ಆ ಕಡಿವಾಣ ಇಲ್ಲ. ಗಂಟೆಗಟ್ಟಲೆ ತೆಗೆಯಬಹುದು, ಅಳಿಸಬಹುದು. ಕೊನೆಗೆ ಎಲ್ಲವೂ ಇದ್ದು ಬೇಕಾದದ್ದು ಮಾತ್ರ ಇಲ್ಲ ಎಂಬ ಪರಿಸ್ಥಿತಿ ಬರುತ್ತದೆ.

ಹೊಸಬರು ಕಡಿವಾಣವನ್ನು ತಾವೇ ಹಾಕಿಕೊಳ್ಳುವುದು ಒಳ್ಳೆಯದು. ಒಂದು ದೃಶ್ಯಕ್ಕೆ ಒಟ್ಟು ಎರಡು ಮುಕ್ಕಾಲು ನಿಮಿಷ ಮಾತ್ರ ಎಂದು ನಿಯಮ ಮಾಡಿಕೊಳ್ಳಿ. ಅದಕ್ಕೂ ಮೊದಲು ಇನ್ನೊಂದು ಅಭ್ಯಾಸವಿದೆ. 1896ರ ಜುಲೈ 7ರಂದು ಮುಂಬೈಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸಹೋದರರ ಚಿತ್ರಗಳ ಪ್ರದರ್ಶನ ನಡೆಯಿತು. ಒಂದೊಂದೂ ಒಂದು ನಿಮಿಷಕ್ಕಿಂತ ಕಡಿಮೆ. ಕ್ಯಾಮೆರಾ ಅಲುಗದು, ತುಂಡರಿಸಿ ಜೋಡಿಸಿದ್ದೂ ಇಲ್ಲ. ಅದೇ ರೀತಿ ಯಡೂರಿನ ಕೃಷ್ಣಾ ದಂಡೆಯಲ್ಲೋ ರಾಯಬಾಗದ ಬಸ್ ನಿಲ್ದಾಣದಲ್ಲೋ ಫೋನನ್ನು ಕಲ್ಲಿಗೆ ಒರಗಿಸಿ, ಒಂದೇ ನಿಮಿಷ, ಒಂದೇ ಶಾಟ್ ತೆಗೆಯಿರಿ. ಹತ್ತು ದಿನ ಅದೇ ಜಾಗಕ್ಕೆ ಹೋಗಿ. ಮೊದಲ ದಿನ ಬರಿ ನೀರು ಕಾಣುತ್ತದೆ. ಹತ್ತನೆಯ ದಿನ ಬಟ್ಟೆ ಒಗೆಯಲು ಬರುವವಳ ಹೊತ್ತು, ಎಮ್ಮೆ ಇಳಿಯುವ ಜಾಗ, ಬೆಳಕು ತಿರುಗುವ ಗಳಿಗೆ ಗೊತ್ತಾಗಿರುತ್ತದೆ. ನಿಪ್ಪಾಣಿಯ ನಾಲ್ಕು ತಿಂಗಳ ಸಣ್ಣ ಪಾಠ ಇದು.

ಬಾಗಿಲ ಬಳಿಯ ಬೆಳಕು

ಇನ್ನು ಯಂತ್ರದ ಸಂಗತಿ. ಚಿತ್ರೀಕರಣಕ್ಕೆ ಮೊದಲು ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಕಿಸೆಯಲ್ಲಿದ್ದ ಫೋನಿನ ಲೆನ್ಸಿಗೆ ಜಿಡ್ಡು ಅಂಟಿರುತ್ತದೆ. ಅನೇಕ ಚಿತ್ರಗಳು ಮಂಜಾಗಲು ಅದೇ ಕಾರಣ. ದೊಡ್ಡ ತೆರೆಗಾಗಿ ಎಂದಾದರೆ ಫೋನನ್ನು ಅಡ್ಡ ಹಿಡಿಯಿರಿ. ಬೆರಳಿನಿಂದ ಚಿತ್ರವನ್ನು ಹಿಗ್ಗಿಸಬೇಡಿ. ಹಾಗೆ ಹಿಗ್ಗಿಸಿದಾಗ ಹೆಚ್ಚಿನ ಫೋನುಗಳಲ್ಲಿ ಚಿತ್ರದ ಒಂದು ಭಾಗವನ್ನು ಕತ್ತರಿಸಿ ದೊಡ್ಡದು ಮಾಡಲಾಗುತ್ತದೆ, ಅಂದವೆಲ್ಲ ಒಡೆದು ಹೋಗುತ್ತದೆ. ಹತ್ತಿರದ ಚಿತ್ರ ಬೇಕೆಂದರೆ ಹತ್ತಿರ ಹೋಗಬೇಕು. ಹತ್ತಿರ ಹೋಗಬೇಕೆಂದರೆ ಎದುರಿನವರು ಬಿಟ್ಟುಕೊಳ್ಳಬೇಕು. ಅದಕ್ಕೆ ಪರಿಚಯ ಬೇಕು, ಪರಿಚಯಕ್ಕೆ ದಿನಗಳು ಬೇಕು.

ಫೋನಿನ ಸೆನ್ಸರ್ ಚಿಕ್ಕದು. ಕತ್ತಲೆಯಲ್ಲಿ ಅದು ಹೆಣಗುತ್ತದೆ. ವಖಾರಿಯಂತಹ ಮಬ್ಬುಗತ್ತಲೆಯ ಜಾಗದಲ್ಲಿ ದೀಪ ತರುವ ಮೊದಲು ಬಾಗಿಲು ಎಲ್ಲಿದೆ ನೋಡಿ. ಮಾತಾಡುವವರು ಬಾಗಿಲಿಗೆ ಬೆನ್ನು ಹಾಕಿ ಕುಳಿತರೆ ಮುಖ ಕಪ್ಪಾಗುತ್ತದೆ. ಬಾಗಿಲು ಒಂದು ಪಕ್ಕಕ್ಕೆ ಇರುವಂತೆ ಕೂರಿಸಿದರೆ ಮುಖದ ಒಂದು ಭಾಗ ಬೆಳಗಿ, ಇನ್ನೊಂದು ಭಾಗ ನೆರಳಾಗಿ, ಮುಖಕ್ಕೆ ಆಳ ಬರುತ್ತದೆ. ನೆರಳು ತೀರ ಗಾಢವಾದರೆ ಆ ಕಡೆ ಬಿಳಿಯ ಧೋತರವನ್ನೋ ಥರ್ಮೋಕೋಲ್ ಹಾಳೆಯನ್ನೋ ಹಿಡಿಯಿರಿ. ತೆರೆಯ ಮೇಲೆ ಆ ಮುಖದ ಜಾಗದಲ್ಲಿ ಬೆರಳನ್ನು ಕೆಲ ಹೊತ್ತು ಒತ್ತಿ ಹಿಡಿದರೆ ಬೆಳಕು ಮತ್ತು ಫೋಕಸ್ ಅಲ್ಲಿಗೇ ನಿಲ್ಲುತ್ತವೆ. ಇಲ್ಲವಾದರೆ ಯಾರೋ ಅಡ್ಡ ಹಾದಾಗಲೆಲ್ಲ ಚಿತ್ರ ಬೆಳ್ಳಗೆ, ಕಪ್ಪಗೆ ಆಗುತ್ತಿರುತ್ತದೆ.

ಟ್ಯೂಬ್‌ಲೈಟಿನಡಿ ತೆಗೆದ ಚಿತ್ರದಲ್ಲಿ ಪಟ್ಟೆಗಳು ಓಡುವುದನ್ನು ಎಷ್ಟೋ ಜನ ಕಂಡಿರಬಹುದು. ಭಾರತದ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಅದರಿಂದ ಹಳೆಯ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಫೋನಿನಲ್ಲಿ ಶಟರ್ ವೇಗವನ್ನು ಕೈಯಿಂದ ಇಡುವ ಸೌಲಭ್ಯವಿದ್ದರೆ ಸೆಕೆಂಡಿನ 50ನೇ ಅಥವಾ 100ನೇ ಒಂದು ಭಾಗಕ್ಕೆ ಇಡಿ, ಪಟ್ಟೆ ಮಾಯವಾಗುತ್ತದೆ.

ಕಣ್ಣಿನಷ್ಟೇ ಕಿವಿ

ಚಿತ್ರ ಸ್ವಲ್ಪ ಮಸುಕಾದರೆ ಪ್ರೇಕ್ಷಕ ಸಹಿಸುತ್ತಾನೆ. ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾನೆ. ಫೋನಿನ ಮೈಕು ಎಲ್ಲ ಕಡೆಯ ಸದ್ದನ್ನೂ ಸಮನಾಗಿ ಹೀರುತ್ತದೆ. ಅದಕ್ಕೆ ಮಾತಾಡುವ ಹೆಂಗಸೂ ಒಂದೇ, ರಸ್ತೆಯ ಟ್ರ್ಯಾಕ್ಟರೂ ಒಂದೇ. ಇದಕ್ಕೆ ಖರ್ಚಿಲ್ಲದ ಉಪಾಯವೆಂದರೆ ಎರಡನೆಯ ಫೋನು. ಅದನ್ನು ಮಾತಾಡುವವರ ಮಡಿಲಲ್ಲೋ ಒಂದು ಮೊಳ ದೂರದಲ್ಲೋ ಚೌಕಟ್ಟಿನಲ್ಲಿ ಕಾಣದಂತೆ ಇಟ್ಟು ಧ್ವನಿ ಮಾತ್ರ ಮುದ್ರಿಸಿ. ಎರಡೂ ಫೋನು ಓಡುತ್ತಿರುವಾಗ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸಂಕಲನದ ವೇಳೆ ಕೈ ಕೂಡಿದ ಚಿತ್ರವನ್ನೂ ಚಪ್ಪಾಳೆಯ ಸದ್ದನ್ನೂ ಹೊಂದಿಸಿದರೆ ಇಡೀ ಮಾತು ತುಟಿಗೆ ಸರಿಹೊಂದುತ್ತದೆ. ಗಾಳಿ ಇದ್ದಲ್ಲಿ ಮೈಕಿಗೆ ತೆಳುವಾದ ಸ್ಪಂಜು ಕಟ್ಟಿ.

ಹೊರಡುವ ಮುನ್ನ ಎಲ್ಲರೂ ಸುಮ್ಮನಿದ್ದು ಆ ಜಾಗದ ಒಂದು ನಿಮಿಷದ ಮೌನವನ್ನೂ ಮುದ್ರಿಸಿ. ಮೌನ ಎಂಬುದು ಎಲ್ಲೆಡೆ ಒಂದೇ ಅಲ್ಲ. ಕಬ್ಬಿನ ಗದ್ದೆಯ ಮೌನದಲ್ಲಿ ಎಲೆಯ ಸದ್ದಿದೆ, ವಖಾರಿಯ ಮೌನದಲ್ಲಿ ಜರಡಿಯ ಸದ್ದಿದೆ. ಎರಡು ಶಾಟ್‌ಗಳ ನಡುವಿನ ಬಿರುಕನ್ನು ಮುಚ್ಚಲು ಅದಕ್ಕಿಂತ ಒಳ್ಳೆಯ ಗಾರೆ ಇಲ್ಲ.

ಗಡಿ ಭಾಗದ ಚಿತ್ರಗಾರನಿಗೆ ಭಾಷೆಯ ಪ್ರಶ್ನೆಯೂ ಎದುರಾಗುತ್ತದೆ. ಇಲ್ಲಿ ಅದೆಷ್ಟೋ ಮನೆಗಳಲ್ಲಿ ಮಾತು ಕನ್ನಡದಲ್ಲಿ ಆರಂಭವಾಗಿ ಮರಾಠಿಯಲ್ಲಿ ಮುಗಿಯುತ್ತದೆ. ಸಂತೆಯಲ್ಲಿ ಎರಡೂ ಒಂದೇ ಬಾಯಲ್ಲಿ ಇರುತ್ತವೆ. ಅದನ್ನು ತಿದ್ದಿ ‘ಶುದ್ಧ’ ಮಾಡಲು ಹೋದರೆ ಮನುಷ್ಯರೇ ಸುಳ್ಳಾಗಿ ಕಾಣುತ್ತಾರೆ. ಆಡಿದ್ದನ್ನು ಆಡಿದಂತೆಯೇ ಬಿಟ್ಟು ಕೆಳಗೆ ಕನ್ನಡದ ಅಡಿಬರಹ ಕೊಡುವುದೇ ಸರಿಯಾದ ದಾರಿ.

ಕೈಗಳು ಹೇಳುವ ಕಥೆ

ಅಥಣಿಯ ಚಪ್ಪಲಿ ಕುಶಲಕರ್ಮಿಗಳನ್ನು ಉದಾಹರಣೆಗೆ ತೆಗೆದುಕೊಳ್ಳಿ. ಕೊಲ್ಹಾಪುರಿ ಎಂದು ಜಗತ್ತಿಗೆ ಗೊತ್ತಿರುವ ಚಪ್ಪಲಿಗಳ ದೊಡ್ಡ ಪಾಲು ಕರ್ನಾಟಕದ ಕೈಗಳಿಂದಲೇ ಹೊರಡುತ್ತದೆ. 2019ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ ಸೇರಿದಂತೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿದ್ದವು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿಯನ್ನು ಮೂಲದ ಹೆಸರು ಹೇಳದೆ ತೋರಿಸಿದಾಗ ಗದ್ದಲವಾಯಿತು. ಆ ಗದ್ದಲದಲ್ಲಿ ಚಪ್ಪಲಿ ಎಲ್ಲರಿಗೂ ಕಂಡಿತು. ಮಾಡುವ ಕೈ ಎಷ್ಟು ಜನರಿಗೆ ಕಂಡಿತು?

ಆ ಕೈಯನ್ನು ತೋರಿಸಲು ಐದು ಶಾಟ್ ಸಾಕು. ಮೊದಲು ಕೈ ಮಾತ್ರ: ಮೊಳೆ ಇಲ್ಲದೆ ತೊಗಲಿನ ಎಳೆಯಿಂದಲೇ ಹೊಲಿಯುವ ಬೆರಳುಗಳು. ಎರಡನೆಯದು ಮುಖ. ಮೂರನೆಯದು ಮುಖ, ಕೈ ಎರಡೂ ಇರುವ ಇಡೀ ದೇಹ. ನಾಲ್ಕನೆಯದು ಅವರ ಹೆಗಲ ಹಿಂದಿನಿಂದ, ಅವರ ಕಣ್ಣಿಗೆ ಕಾಣುವ ಹಾಗೆ. ಐದನೆಯದು ಯಾರೂ ನೋಡದ ಮೂಲೆಯಿಂದ: ಅಟ್ಟದ ಮೇಲಿನಿಂದ, ಅಥವಾ ನೆಲಕ್ಕೆ ಒರಗಿದ ಫೋನಿನಿಂದ. ಪ್ರತಿ ಶಾಟ್ ಕನಿಷ್ಠ ಹತ್ತು ಸೆಕೆಂಡು ಅಲುಗದೆ ನಿಲ್ಲಲಿ. ಮೂರುಕಾಲಿನ ಸ್ಟ್ಯಾಂಡ್ ಇಲ್ಲದವರು ಜೋಳ ತುಂಬಿದ ಸಣ್ಣ ಚೀಲದ ಮೇಲೆ ಫೋನು ಊರಬಹುದು.

ಈ ತುಂಡುಗಳನ್ನು ಜೋಡಿಸುವುದರಲ್ಲಿ ಸಿನಿಮಾದ ನಿಜವಾದ ಮಾಯೆ ಇದೆ. ರಷ್ಯಾದ ಲೆವ್ ಕುಲೆಶೋವ್ ನೂರು ವರ್ಷಗಳ ಹಿಂದೆ ನಟನೊಬ್ಬನ ಒಂದೇ ಮುಖಭಾವದ ಶಾಟನ್ನು ಬೇರೆ ಬೇರೆ ವಸ್ತುಗಳ ಪಕ್ಕ ಜೋಡಿಸಿ ತೋರಿಸಿದರು. ಊಟದ ಪಕ್ಕ ಇಟ್ಟಾಗ ಹಸಿವು ಕಂಡಿತು, ಶವದ ಪಕ್ಕ ಇಟ್ಟಾಗ ದುಃಖ ಕಂಡಿತು ಎಂಬುದು ಅದರ ಕಥೆ. ಹಾಗೆಯೇ ಚಪ್ಪಲಿ ಹೊಲಿಯುವವನ ಮುಖದ ನಂತರ ಪೇಟೆಯ ಅಂಗಡಿಯ ಬೆಲೆ ಚೀಟಿಯನ್ನು ಇಟ್ಟು ನೋಡಿ. ಆಮೇಲೆ ಚೀಟಿ ತೆಗೆದು ಅವನ ಮಗ ಶಾಲೆಗೆ ಹೊರಡುವುದನ್ನು ಇಟ್ಟು ನೋಡಿ. ಮುಖ ಅದೇ, ಅರ್ಥ ಬೇರೆ. ಒಂದು ಮಾತೂ ಆಡದೆ ಹೇಳಿದಂತಾಯಿತು. ಜೊತೆಗೆ ಎಚ್ಚರವೂ ಬೇಕು. ಇದೇ ಜೋಡಣೆಯಿಂದ ಸುಳ್ಳನ್ನೂ ಹೇಳಬಹುದು.

ಚಲಿಸುವ ಕ್ಯಾಮೆರಾ

ನಿಂತ ಕ್ಯಾಮೆರಾ ಕಲಿತ ಮೇಲೆ ನಡೆಯುವ ಕ್ಯಾಮೆರಾ. 2015ರಲ್ಲಿ ಅಮೆರಿಕದ ಶಾನ್ ಬೇಕರ್ ‘ಟ್ಯಾಂಜರೀನ್’ ಎಂಬ ಪೂರ್ಣ ಪ್ರಮಾಣದ ಚಿತ್ರವನ್ನು ಐಫೋನ್ 5ಎಸ್‌ನಲ್ಲಿ ತೆಗೆದರು. ಫೋನಿಗೆ ಅಗಲ ತೆರೆಯ ಪುಟ್ಟ ಲೆನ್ಸು ಸಿಕ್ಕಿಸಿದ್ದರು. ಹಳಿ, ತಳ್ಳುಗಾಡಿಗಳ ಬದಲು ಸೈಕಲ್ ಏರಿ ನಟಿಯರ ಸುತ್ತ ತಿರುಗಿದ್ದೂ ಉಂಟು. ಲಾಸ್ ಏಂಜಲೀಸಿನ ಬೀದಿಯಲ್ಲಿ ದೊಡ್ಡ ಕ್ಯಾಮೆರಾ ಇಲ್ಲದ್ದರಿಂದ ಜನ ತಿರುಗಿ ನೋಡಲಿಲ್ಲ. ಅದಕ್ಕೂ ಮೊದಲು 2011ರಲ್ಲಿ ದಕ್ಷಿಣ ಕೊರಿಯಾದ ಪಾರ್ಕ್ ಚಾನ್ ವೂಕ್ ತಮ್ಮನ ಜೊತೆ ಸೇರಿ ಐಫೋನ್ 4ರಲ್ಲಿ ತೆಗೆದ, ರಾತ್ರಿ ಮೀನು ಹಿಡಿಯಲು ಹೋದವನ ಕಥೆಯುಳ್ಳ ಕಿರುಚಿತ್ರ ಬರ್ಲಿನ್ ಉತ್ಸವದಲ್ಲಿ ಚಿನ್ನದ ಕರಡಿ ಪಡೆಯಿತು.

ಈ ಭಾಗದಲ್ಲಿ ಸೈಕಲ್ಲಿಗೆ ಬರವಿಲ್ಲ. ಹಂಗಾಮಿನಲ್ಲಿ ಉಗಾರದ ಸಕ್ಕರೆ ಕಾರ್ಖಾನೆಯ ಕಡೆ ಸಾಗುವ ಕಬ್ಬಿನ ಗಾಡಿಯ ಮೇಲೆ ಫೋನು ಇಟ್ಟರೆ ಗಾಡಿಯ ಕುಲುಕಾಟವೇ ಚಿತ್ರದ ಲಯವಾಗುತ್ತದೆ. ಚಿಂಚಲಿಯ ಮಾಯಕ್ಕನ ಜಾತ್ರೆಯಂತಹ ಜನಸಾಗರದಲ್ಲಿ ಮಾತ್ರ ಎಲ್ಲವನ್ನೂ ತೋರಿಸುವ ಆಸೆ ಬಿಡಬೇಕು. ಮಹಾರಾಷ್ಟ್ರದಿಂದ ಬಂದ ಒಂದು ಕುಟುಂಬವನ್ನೋ ತೆಂಗಿನಕಾಯಿ ಮಾರುವ ಒಬ್ಬಳನ್ನೋ ಬೆಳಗಿನಿಂದ ಸಂಜೆಯವರೆಗೆ ಹಿಂಬಾಲಿಸಿ. ಜಾತ್ರೆ ತಾನಾಗಿ ಹಿನ್ನೆಲೆಯಲ್ಲಿ ಬಂದೇ ಬರುತ್ತದೆ.

ನೀರು ಇಳಿದ ಮೇಲೆ

2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಯರು ಉಕ್ಕಿ ಈ ತಾಲ್ಲೂಕುಗಳ ಊರುಗಳಿಗೆ ನುಗ್ಗಿದಾಗ ಫೋನಿನ ಚಿತ್ರಗಳಿಗೆ ಲೆಕ್ಕವಿರಲಿಲ್ಲ. ಮುಳುಗಿದ ಸೇತುವೆ, ಕೊಚ್ಚಿ ಹೋಗುವ ಬಣವೆ, ದೋಣಿಯಲ್ಲಿ ಜನ. ಎಲ್ಲರೂ ನೋಡಿದರು, ಮುಂದಿನ ವಾರ ಮರೆತರು. ನೀರು ಇಳಿದ ಮೇಲೆ ಮನೆಯ ಕೆಸರನ್ನು ಎಷ್ಟು ದಿನ ಹೊರಗೆ ಹಾಕಿದರು, ನೆನೆದ ಕಾಗದಪತ್ರಗಳನ್ನು ಒಣಗಿಸಿ ಕಚೇರಿಗೆ ಎಷ್ಟು ಸಲ ಅಲೆದರು ಎಂಬುದನ್ನು ತೆಗೆಯಲು ಆ ಫೋನುಗಳು ಅಷ್ಟಾಗಿ ಹೊರಬರಲಿಲ್ಲ. ಪ್ರವಾಹ ಒಂದು ದೃಶ್ಯ. ಪ್ರವಾಹದ ನಂತರದ ಆರು ತಿಂಗಳು ಒಂದು ಕಥೆ. ಊರಿನವರು ಮಾತ್ರ ತೆಗೆಯಬಲ್ಲ ಕಥೆ ಅದು, ಏಕೆಂದರೆ ಹೊರಗಿನವರು ಅಷ್ಟರಲ್ಲಿ ಹೋಗಿರುತ್ತಾರೆ.

ಹತ್ತಿರದವರಾದ ಮಾತ್ರಕ್ಕೆ ಹಕ್ಕು ಬಂತೆಂದು ತಿಳಿಯಬಾರದು. ಕಷ್ಟದಲ್ಲಿರುವವರ ಮುಖ ತೆಗೆಯುವ ಮೊದಲು ಕೇಳಬೇಕು. ತೆಗೆದದ್ದನ್ನು ಅವರಿಗೆ ತೋರಿಸಬೇಕು. ‘ಇದು ಬೇಡ’ ಎಂದರೆ ತೆಗೆದು ಹಾಕಬೇಕು. ಕೂಲಿಯ ಬಗ್ಗೆ ಮಾತಾಡಿದ ಹೆಂಗಸಿಗೆ ಮರುದಿನ ಕೆಲಸ ಇರುತ್ತದೆಯೇ ಎಂದು ಚಿತ್ರ ತೆಗೆಯುವವರು ಯೋಚಿಸಲೇಬೇಕು. ಅಗತ್ಯ ಬಿದ್ದರೆ ಮುಖದ ಬದಲು ಕೈ ತೋರಿಸಿ, ಧ್ವನಿಯನ್ನು ಇನ್ನೊಬ್ಬರಿಂದ ಆಡಿಸಿ. ನಿಪ್ಪಾಣಿಯ ಚಿತ್ರದ ಹಾಗೆ, ನಡೆದದ್ದನ್ನು ನಡೆಸಿದವರೇ ಮತ್ತೆ ಆಡಿ ತೋರಿಸುವಂತೆಯೂ ಮಾಡಬಹುದು. ಆಗ ಅವರು ಕ್ಯಾಮೆರಾದ ಎದುರು ಸಿಕ್ಕಿಬಿದ್ದವರಾಗಿ ಉಳಿಯುವುದಿಲ್ಲ, ಚಿತ್ರದ ಪಾಲುದಾರರಾಗುತ್ತಾರೆ.

ಯುಗಾಂತರ ತಂಡದವರು ತಮ್ಮ ಚಿತ್ರಗಳನ್ನು ಬೇರೆ ಬೇರೆ ಕಡೆಯ ಮಹಿಳಾ ಸಂಘಟನೆಗಳ ನಡುವೆ ತೋರಿಸಿ ಚರ್ಚೆಗೆ ಇಟ್ಟರು. ದಶಕಗಳ ನಂತರ ಬರ್ಲಿನ್ನಿನ ಆರ್ಸೆನಾಲ್ ಸಂಸ್ಥೆ ಆ ಹಳೆಯ ಫಿಲ್ಮುಗಳನ್ನು ಡಿಜಿಟಲ್ ರೂಪದಲ್ಲಿ ಉಳಿಸಿತು. ಹೀಗೆ ನಿಪ್ಪಾಣಿಯ ಹೆಣ್ಣುಮಕ್ಕಳ 1982ರ ಮುಖಗಳು ಜರ್ಮನಿಯಲ್ಲಿ ಜೋಪಾನವಾಗಿವೆ. ನಿಪ್ಪಾಣಿಯ ಕಾಲೇಜಿನ ಎಷ್ಟು ಮಕ್ಕಳು ಅವನ್ನು ನೋಡಿದ್ದಾರೆ ಎಂದು ಇಲ್ಲಿರುವವರೇ ಕೇಳಿಕೊಳ್ಳಬೇಕು.

ಆದ್ದರಿಂದ ಕೊನೆಯ ಸಲಹೆ ಇದು. ಚಿತ್ರ ಮುಗಿದ ರಾತ್ರಿಯೇ ಅದನ್ನು ಜಗತ್ತಿಗೆ ಹಾಕುವ ಅವಸರ ಬೇಡ. ಬಿಳಿಯ ಪಂಚೆಯೊಂದನ್ನು ಗೋಡೆಗೆ ಕಟ್ಟಿ, ಸಿಕ್ಕರೆ ಶಾಲೆಯ ಪ್ರೊಜೆಕ್ಟರ್ ಕೇಳಿ ತಂದು, ಯಾರ ಕಥೆಯೋ ಅವರ ಓಣಿಯಲ್ಲೇ ಮೊದಲು ತೋರಿಸಿ. ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು, ಯಾರು ಎದ್ದು ‘ಹಾಗಲ್ಲ, ಹೀಗೆ’ ಎಂದರು ಎಂದು ಬರೆದುಕೊಳ್ಳಿ. ಮರುದಿನ ಮತ್ತೆ ಸಂಕಲನಕ್ಕೆ ಕೂರಿ. ಫೋನು ಇಂದಲ್ಲ ನಾಳೆ ಹಳತಾಗುತ್ತದೆ, ಅದರ ಜಾಗಕ್ಕೆ ಇನ್ನೊಂದು ಬರುತ್ತದೆ. ಆ ಓಣಿಯ ಅಜ್ಜಿ ಹೇಳಬೇಕಾದದ್ದನ್ನು ಹೇಳಲು ಈ ವರ್ಷವೇ ಇದ್ದಾಳೆ. ನಾಳೆ ಬೆಳಿಗ್ಗೆ ಹೋಗಿ ಅವಳ ಜೊತೆ ಕುಳಿತುಕೊಳ್ಳಿ. ಮೊದಲ ದಿನ ಫೋನು ಕಿಸೆಯಲ್ಲೇ ಇರಲಿ.